ಹೊಳೆಯ ಉಸುಕು, ಬಾವಿಯ ಕರಿಕಲ್ಲು ಮತ್ತು ದಿಕ್ಕು ಬದಲಿಸುವ ಭೂಮಿ

*ಭೂಮಿಯ ಕಾಂತಧ್ರುವಗಳು ಅದಲು ಬದಲಾಗುತ್ತವೆ ಎಂಬುದು ಖರೆ. ಅದಕ್ಕೆ ಸಾಕ್ಷಿ ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಹೊಲಗಳ ಕೆಳಗಿನ ಕಲ್ಲು. ಆದರೆ ಮುಂದಿನ ಸಲ ಯಾವಾಗ ಎಂದು ತಾರೀಖು ಹೇಳುವವರನ್ನು ನಂಬಬೇಕೇ?*

ಕೆಟ್ಟುಹೋದ ರೇಡಿಯೋದ ಸ್ಪೀಕರ್ ಒಡೆದು, ಒಳಗಿನ ಅಯಸ್ಕಾಂತ ತೆಗೆದು, ಅದಕ್ಕೆ ದಾರ ಕಟ್ಟಿ ಹೊಳೆಯ ಉಸುಕಿನಲ್ಲಿ ಎಳೆದಾಡುವುದು ನಮ್ಮ ಕಡೆಯ ಹುಡುಗರ ಹಳೆಯ ಆಟ. ನಾಲ್ಕು ಹೆಜ್ಜೆ ಎಳೆಯುವಷ್ಟರಲ್ಲಿ ಅಯಸ್ಕಾಂತಕ್ಕೆ ಮೀಸೆ ಮೂಡಿದ ಹಾಗೆ ಕಪ್ಪು ಪುಡಿ ಅಂಟಿಕೊಂಡಿರುತ್ತದೆ. ಅದನ್ನು ಕಾಗದದ ಮೇಲೆ ಉದುರಿಸಿ, ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಪುಡಿ ಎದ್ದು ನಿಂತು ಕುಣಿಯುತ್ತದೆ. ಅದನ್ನು ಎಲ್ಲರೂ ಕಬ್ಬಿಣದ ಪುಡಿ ಅಂತಲೇ ಅಂದುಕೊಳ್ಳುವುದು. ಅದರ ಸರಿಯಾದ ಹೆಸರು ಮ್ಯಾಗ್ನಟೈಟ್, ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಕೃಷ್ಣೆ, ದೂಧಗಂಗೆ, ವೇದಗಂಗೆ ಇವೆಲ್ಲ ಸಹ್ಯಾದ್ರಿಯ ಕರಿಕಲ್ಲನ್ನು ಸವೆಸುತ್ತ ಹರಿದು ಬರುವ ನದಿಗಳು. ಆ ಕಲ್ಲಿನೊಳಗಿನ ಕಣಗಳೇ ಉಸುಕಿಗೆ ಬಂದಿವೆ.

ಈ ಪುಡಿಯನ್ನು ಈಗ ನೆನಪಿಸಿಕೊಳ್ಳಲು ಕಾರಣ ಆಗಾಗ ವಾಟ್ಸಾಪಿನಲ್ಲಿ ಓಡಾಡುವ ಒಂದು ಬಗೆಯ ವಿಡಿಯೋ. ಭೂಮಿಯ ಧ್ರುವ ತಿರುಗುತ್ತದೆ, ದಿಕ್ಸೂಚಿ ಉಲ್ಟಾ ಆಗುತ್ತದೆ, ಕರೆಂಟು ಹೋಗುತ್ತದೆ, ಮನುಷ್ಯಕುಲ ನಾಶವಾಗುತ್ತದೆ, ಇನ್ನು ಕೆಲವೇ ವರ್ಷ ಉಳಿದಿದೆ ಎಂದು ಗಡಸು ದನಿಯಲ್ಲಿ ಹೇಳುತ್ತಾರೆ. ಹಿಂದೆ ಉರಿಯುವ ಭೂಗೋಳದ ಚಿತ್ರ. ಅದನ್ನು ಕಳಿಸಿದವರು ಕೆಳಗೆ ಒಂದು ಸಾಲು ಬರೆದಿರುತ್ತಾರೆ: "ಖರೇನ ಏನ್ರಿ ಇದು?"

ಉತ್ತರ: ಅರ್ಧ ಖರೆ. ಉಳಿದರ್ಧ ಸುಳ್ಳು. ಯಾವುದು ಖರೆ, ಯಾವುದು ಸುಳ್ಳು ಅಂತ ಬಿಡಿಸಿ ನೋಡಲು ನಮಗೆ ದೂರ ಹೋಗುವ ಅಗತ್ಯವಿಲ್ಲ. ಬಾವಿಯೊಳಗೆ ಇಣುಕಿದರೆ ಸಾಕು.

ಬಾವಿಯ ಗೋಡೆಯಲ್ಲಿ ಬರೆದಿಟ್ಟ ದಿಕ್ಕು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಹಳೆಯ ತೋಡುಬಾವಿಗಳನ್ನು ನೋಡಿದವರಿಗೆ ಗೊತ್ತು. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಸುರಂಗ ಹೊಡೆಯದೆ ಬಗ್ಗದ ಕರಿಕಲ್ಲು. ಇನ್ನೂ ಆಳಕ್ಕೆ ಹೋದರೆ ಕೆಲವೆಡೆ ಮೆತ್ತಗಿನ ಪದರ ಅಥವಾ ಕೆಂಪು ಮಣ್ಣಿನ ಪಟ್ಟಿ, ಮತ್ತೆ ಕರಿಕಲ್ಲು. ಒಂದರ ಮೇಲೊಂದು ಪೇರಿಸಿಟ್ಟ ಹಾಸಿಗೆಯಂತೆ ಕಾಣುವ ಈ ಕಲ್ಲಿನ ಹೆಸರು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ಹೆಪ್ಪುಗಟ್ಟಿ ಆದದ್ದು. ಮಹಾರಾಷ್ಟ್ರದ ಬಹುಭಾಗ, ಗುಜರಾತ್ ಮತ್ತು ಮಧ್ಯಪ್ರದೇಶದ ಒಂದಷ್ಟು ಭಾಗ, ನಮ್ಮ ಉತ್ತರ ಕರ್ನಾಟಕದ ಅಂಚು ಎಲ್ಲ ಸೇರಿ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ಹಾಸಿಗೆಯನ್ನು ಭೂವಿಜ್ಞಾನಿಗಳು ಡೆಕ್ಕನ್ ಟ್ರ್ಯಾಪ್ ಎನ್ನುತ್ತಾರೆ. ನಾವಿರುವುದು ಅದರ ದಕ್ಷಿಣದ ಸೆರಗಿನಲ್ಲಿ. ಗೋಕಾಕ ಫಾಲ್ಸ್ ಕಡೆ ಹೋದರೆ ಸೆರಗು ಮುಗಿದು ಕೆಳಗಿನ ಇನ್ನೂ ಹಳೆಯ ಮರಳುಗಲ್ಲು ಹೊರಗೆ ಕಾಣಿಸುತ್ತದೆ.

ಒಂದು ಪದರ ಹರಿದು ತಣ್ಣಗಾಗಿ, ಅದರ ಮೇಲೆ ಮಣ್ಣು ಹುಟ್ಟುವಷ್ಟು ಕಾಲ ಕಳೆದ ಮೇಲೆ ಇನ್ನೊಂದು ಪದರ ಹರಿದಿದೆ. ಹಳೆಯ ಮಣ್ಣು ಮೇಲಿನ ಲಾವಾದ ಕಾವಿಗೆ ಸುಟ್ಟಿದೆ. ನಮ್ಮ ಕೆಂಪು ಪಟ್ಟಿಗಳಲ್ಲಿ ಹಲವು ಹೀಗೆ ಆದವು.

ಈಗ ಮ್ಯಾಗ್ನಟೈಟಿಗೆ ಬರೋಣ. ಲಾವಾ ಹೊರಗೆ ಬರುವಾಗ ಅದರ ಕಾವು 1,100 ಡಿಗ್ರಿ ಸೆಲ್ಸಿಯಸ್ ಮೇಲಿರುತ್ತದೆ. ಅಷ್ಟು ಕಾವಿನಲ್ಲಿ ಕಲ್ಲಿನ ಯಾವ ಖನಿಜಕ್ಕೂ ಅಯಸ್ಕಾಂತದ ಗುಣ ಉಳಿಯುವುದಿಲ್ಲ. ಅದು ತಣಿಯುತ್ತ ಮ್ಯಾಗ್ನಟೈಟಿನ ಗಡಿಯಾದ 580 ಡಿಗ್ರಿಗಿಂತ ಕೆಳಗಿಳಿದಾಗ, ಒಳಗಿನ ಕಣಗಳು ಆ ಹೊತ್ತಿಗೆ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿದೆಯೋ ಆ ಕಡೆಗೆ ಕಾಂತತ್ವ ಪಡೆಯುತ್ತವೆ. ಕಲ್ಲು ಇನ್ನಷ್ಟು ತಣ್ಣಗಾದರೆ ಆ ದಿಕ್ಕು ಒಳಗೇ ಬಿಗಿದುಕೊಳ್ಳುತ್ತದೆ. ಆಮೇಲೆ ಭೂಮಿ ಏನೇ ಮಾಡಲಿ, ಮತ್ತೆ ಕಾಯುವವರೆಗೆ, ಇಲ್ಲವೇ ಸಿಡಿಲು ಬಡಿಯುವವರೆಗೆ, ಕಲ್ಲು ಹಿಡಿದ ದಿಕ್ಕನ್ನು ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಇಟ್ಟಂಗಿ ಭಟ್ಟಿಯಲ್ಲೂ ಆಗುವುದು ಇದೇ. ಪ್ರತಿ ಇಟ್ಟಂಗಿ ಭಟ್ಟಿ ಆರಿದ ದಿನದ ಕಾಂತಕ್ಷೇತ್ರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೊರಗೆ ಬರುತ್ತದೆ.

ಈ ದಿಕ್ಕನ್ನು ಓದುವ ಕೆಲಸ ಕಷ್ಟದ್ದು, ಆದರೆ ಗುಟ್ಟಿನದಲ್ಲ. ಬಂಡೆಗೆ ಸಣ್ಣ ಕೊಳವೆಯಂಥ ಡ್ರಿಲ್ ಹಾಕಿ ಹೆಬ್ಬೆರಳು ಗಾತ್ರದ ತುಂಡು ತೆಗೆಯುತ್ತಾರೆ. ತೆಗೆಯುವ ಮೊದಲು ಅದು ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಕೂತಿತ್ತು ಎಂದು ಗುರುತು ಹಾಕಿಕೊಳ್ಳುತ್ತಾರೆ. ಕರಿಕಲ್ಲಿನ ಹತ್ತಿರ ದಿಕ್ಸೂಚಿಯೇ ತಪ್ಪು ತೋರಿಸಬಹುದು, ಹಾಗಾಗಿ ಸೂರ್ಯನ ನೆರಳಿನಿಂದಲೂ ದಿಕ್ಕು ಹಿಡಿಯುತ್ತಾರೆ. ಪ್ರಯೋಗಾಲಯದಲ್ಲಿ ಹಂತ ಹಂತವಾಗಿ ಕಾಯಿಸಿ, ಆಮೇಲೆ ಅಂಟಿದ ಕಾಂತತ್ವವನ್ನು ತೊಳೆದು, ಹುಟ್ಟಿನ ಕಾಂತತ್ವವನ್ನು ಅಳೆಯುತ್ತಾರೆ.

1950ರ ದಶಕದಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಲಂಡನ್ ತಂಡ, ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಡೆಕ್ಕನ್ ಕಲ್ಲುಗಳನ್ನು ಹೀಗೆ ಓದಿದರು. ಎರಡು ಸಂಗತಿ ಹೊರಬಿದ್ದವು. ಮೊದಲನೆಯದು, ಈ ಲಾವಾ ಹರಿದಾಗ ಭಾರತ ಇಲ್ಲಿರಲಿಲ್ಲ, ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಇವತ್ತು ಚಿಕ್ಕೋಡಿಯಲ್ಲಿ ಕಾಂತಸೂಜಿಯನ್ನು ಮೇಲೆ ಕೆಳಗೆ ಆಡುವಂತೆ ತೂಗುಬಿಟ್ಟರೆ ಅದರ ಉತ್ತರದ ತುದಿ ಸುಮಾರು 20 ಡಿಗ್ರಿಯಷ್ಟು ನೆಲದ ಕಡೆ ಬಾಗುತ್ತದೆ. ಕಲ್ಲಿನೊಳಗಿನ ಸೂಜಿ ಬಾಗಿರುವುದು ಅದರ ಎರಡು ಪಟ್ಟಿಗಿಂತ ಹೆಚ್ಚು, ಅದೂ ಬೇರೆ ರೀತಿಯಲ್ಲಿ. ಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಜಗತ್ತು ಇನ್ನೂ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಸಾಕ್ಷಿಯಾಯಿತು.

ಎರಡನೆಯದು ನಮ್ಮ ವಿಡಿಯೋಗೆ ಸಂಬಂಧಿಸಿದ್ದು. ಸಹ್ಯಾದ್ರಿಯ ದೊಡ್ಡ ಪೇರಿಕೆಯಲ್ಲಿ ಕೆಳಗಿನ ಪದರಗಳ ಸೂಜಿ ದಕ್ಷಿಣಕ್ಕೆ ಮುಖ ಮಾಡಿತ್ತು, ಮೇಲಿನ ಪದರಗಳದು ಉತ್ತರದ ಕಡೆಗೆ. ಬಂಡೆ ತಿರುಗಿರಲಿಲ್ಲ. ಎರಡು ಪದರಗಳು ಹರಿದ ನಡುವಿನ ಕಾಲದಲ್ಲಿ ಭೂಮಿಯ ಕಾಂತಧ್ರುವಗಳೇ ಅದಲು ಬದಲಾಗಿದ್ದವು.

ಅಂದರೆ ವಿಡಿಯೋದ ಮೊದಲರ್ಧ ಖರೆ. ಧ್ರುವ ತಿರುಗುತ್ತದೆ. ನಮ್ಮ ನೆಲವೇ ಅದಕ್ಕೆ ದಾಖಲೆ.

ಬೆಲ್ಲದ ಕಡಾಯಿಯೊಳಗಿನ ಗಣಿತ

ಯಾಕೆ ತಿರುಗುತ್ತದೆ? ಭೂಮಿಯೊಳಗೆ ಯಾರೋ ಹೂತಿಟ್ಟ ಕಡ್ಡಿ ಅಯಸ್ಕಾಂತವಿಲ್ಲ. ನಾವು ನಿಂತ ಜಾಗದಿಂದ ಸುಮಾರು 2,900 ಕಿಲೋಮೀಟರ್ ಕೆಳಗೆ ಹೋದರೆ ಕರಗಿದ ಕಬ್ಬಿಣದ ಕಡಲು ಸಿಗುತ್ತದೆ. ಅದರ ಆಳ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು. ನಡುವೆ ಗಟ್ಟಿ ಕಬ್ಬಿಣದ ಗುಂಡು. ಈ ಕರಗಿದ ಕಬ್ಬಿಣ ಒಳಗಿನ ಕಾವಿಗೆ ಮೇಲೇಳುತ್ತ, ತಣ್ಣಗಾಗಿ ಕೆಳಗಿಳಿಯುತ್ತ, ಭೂಮಿಯ ತಿರುಗುವಿಕೆಗೆ ಸುತ್ತಿಕೊಳ್ಳುತ್ತ ಹರಿಯುತ್ತಲೇ ಇದೆ. ಅದರ ವೇಗ ವರ್ಷಕ್ಕೆ ಹತ್ತು ಇಪ್ಪತ್ತು ಕಿಲೋಮೀಟರ್ ಅಷ್ಟೇ.

ಗಾಣದಮನೆಯ ಬೆಲ್ಲದ ಕಡಾಯಿ ನೆನೆಸಿಕೊಳ್ಳಿ. ಕೆಳಗೆ ಉರಿ, ಒಳಗೆ ಕಬ್ಬಿನ ಹಾಲು. ಒಂದು ಕಡೆ ಉಕ್ಕುತ್ತದೆ, ಇನ್ನೊಂದು ಕಡೆ ಮುಳುಗುತ್ತದೆ, ಉಕ್ಕು ಜಾಗ ಬದಲಿಸುತ್ತದೆ. ಉರಿ ಒಂದೇ, ಕಡಾಯಿ ಒಂದೇ, ಆದರೆ ಮುಂದಿನ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಎಷ್ಟೇ ಅನುಭವಿ ಗಾಣದವನೂ ಹೇಳಲಾರ. ಭೂಮಿಯ ಕಡಾಯಿಯಲ್ಲಿ ಇನ್ನೊಂದು ತೊಡಕಿದೆ. ಕಬ್ಬಿಣ ವಿದ್ಯುತ್ ಹರಿಸುವ ದ್ರವ. ಅದು ಕಾಂತಕ್ಷೇತ್ರದೊಳಗೆ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತು ಮತ್ತೆ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಆ ಕ್ಷೇತ್ರ ದ್ರವದ ಹರಿವನ್ನೇ ಅಡ್ಡಗಟ್ಟುತ್ತದೆ. ಸೈಕಲ್ ಡೈನಮೋದಂತೆ ಇದು ಸಹ ಡೈನಮೋ, ಆದರೆ ತನ್ನ ಅಯಸ್ಕಾಂತವನ್ನು ತಾನೇ ತಯಾರಿಸಿಕೊಳ್ಳುವ ಡೈನಮೋ.

ಇಂಥ ವ್ಯವಸ್ಥೆಯ ಸ್ವಭಾವ ಏನು ಅಂತ ಮೊದಲು ತೋರಿಸಿದವರಲ್ಲಿ ಜಪಾನಿನ ಸುನೇಜಿ ರಿಕಿಟಾಕೆ ಒಬ್ಬರು. 1958ರಲ್ಲಿ ಅವರು ಭೂಮಿಯ ಬದಲು ಎರಡು ತಿರುಗುವ ಲೋಹದ ತಟ್ಟೆಗಳನ್ನು ಊಹಿಸಿಕೊಂಡರು. ಒಂದರ ವಿದ್ಯುತ್ತು ಇನ್ನೊಂದರ ಕಾಂತಕ್ಷೇತ್ರ ಹುಟ್ಟಿಸುವಂತೆ ಜೋಡಿಸಿ ಲೆಕ್ಕ ಹಾಕಿದರು. ಹೊರಗಿನಿಂದ ಯಾರೂ ಮುಟ್ಟದಿದ್ದರೂ ಆ ಎರಡು ತಟ್ಟೆಗಳ ಕಾಂತಕ್ಷೇತ್ರ ತನ್ನಷ್ಟಕ್ಕೆ ಓಲಾಡುತ್ತ, ಒಮ್ಮೊಮ್ಮೆ ಉತ್ತರ ದಕ್ಷಿಣ ಪಲ್ಟಿ ಹೊಡೆಯುತ್ತಿತ್ತು. ಎರಡು ಪಲ್ಟಿಗಳ ನಡುವಿನ ಅಂತರಕ್ಕೆ ಯಾವ ಲಯವೂ ಇರಲಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬರುತ್ತಿದ್ದರು. 1961ರಲ್ಲಿ ಕಂಪ್ಯೂಟರಿನಲ್ಲಿ ಹವೆಯ ಲೆಕ್ಕವೊಂದನ್ನು ಎರಡನೇ ಸಲ ಓಡಿಸುವಾಗ 0.506127 ಎಂಬ ಅಂಕಿಯ ಬದಲು ಚುಟುಕಾಗಿ 0.506 ಎಂದು ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಯಾಗಿ ಸಾಗಿದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. 1963ರಲ್ಲಿ ಅವರು ಪ್ರಕಟಿಸಿದ ಪ್ರಸಿದ್ಧ ಮೂರು ಸಮೀಕರಣಗಳು ಕೆಳಗಿನಿಂದ ಕಾಯುವ ದ್ರವದ್ದು, ಅಂದರೆ ಹೆಚ್ಚುಕಡಿಮೆ ನಮ್ಮ ಬೆಲ್ಲದ ಕಡಾಯಿಯದ್ದೇ.

ಇದನ್ನು ಇಂಗ್ಲಿಷಿನಲ್ಲಿ ಕೇಆಸ್ ಎನ್ನುತ್ತಾರೆ. ಕನ್ನಡದಲ್ಲಿ ಗೊಂದಲ, ಅವ್ಯವಸ್ಥೆ ಎಂದು ಬಳಸುವವರಿದ್ದಾರೆ. ಆ ಪದ ದಾರಿ ತಪ್ಪಿಸುತ್ತದೆ. ಇಲ್ಲಿ ನಿಯಮ ತಪ್ಪಿದ್ದು ಏನೂ ಇಲ್ಲ. ಪ್ರತಿ ಹೆಜ್ಜೆಯೂ ಭೌತಶಾಸ್ತ್ರದ ನಿಯಮದಂತೆಯೇ ಬೀಳುತ್ತದೆ. ತೊಂದರೆ ಇರುವುದು ನಮ್ಮ ಅಳತೆಯಲ್ಲಿ. ಇವತ್ತಿನ ಸ್ಥಿತಿಯನ್ನು ಅಳೆಯುವಾಗ ಕೂದಲೆಳೆಯಷ್ಟು ತಪ್ಪಾದರೂ ಆ ತಪ್ಪು ಬಡ್ಡಿಗೆ ಬಡ್ಡಿ ಸೇರಿದ ಸಾಲದ ಹಾಗೆ ಬೆಳೆಯುತ್ತದೆ. ಚಕ್ರಬಡ್ಡಿಯ ರುಚಿ ಕಂಡ ರೈತನಿಗೆ ಈ ಗಣಿತವನ್ನು ಬೇರೆ ಹೇಳಿಕೊಡಬೇಕಿಲ್ಲ. ಅಸಲು ಎಷ್ಟೇ ಸಣ್ಣದಿದ್ದರೂ ಒಂದು ದಿನ ಅದು ಹೊಲವನ್ನೇ ನುಂಗುತ್ತದೆ.

ಎಷ್ಟು ದೂರ ಕಾಣಿಸುತ್ತದೆ?

ಭೂಮಿಯ ಕಾಂತಕ್ಷೇತ್ರದಲ್ಲಿ ಈ ಬಡ್ಡಿಯ ದರ ಎಷ್ಟು? 2010ರ ಸುಮಾರಿಗೆ ಪ್ಯಾರಿಸ್ಸಿನ ಭೂಭೌತ ಸಂಸ್ಥೆಯ ಗೋತಿಯೆ ಹುಲೊ, ಜೂಲಿಯಾಂ ಒಬೇರ್ ಮತ್ತು ಸಂಗಡಿಗರು ಇದನ್ನೇ ಲೆಕ್ಕ ಹಾಕಿದರು. ಕಂಪ್ಯೂಟರಿನೊಳಗೆ ಡೈನಮೋ ಓಡಿಸಿ, ಅತಿ ಸಣ್ಣ ವ್ಯತ್ಯಾಸವಿರುವ ಜೋಡಿಗಳನ್ನು ಹೋಲಿಸಿ ನೋಡಿದಾಗ ಬಂದ ಉತ್ತರ: ತಪ್ಪು ಸುಮಾರು 30 ವರ್ಷಕ್ಕೊಮ್ಮೆ 2.7 ಪಟ್ಟು ಬೆಳೆಯುತ್ತದೆ.

ಇದರ ಅರ್ಥವನ್ನು ಬೆರಳು ಮಡಿಚಿ ಎಣಿಸಬಹುದು. ಇವತ್ತು ನಮ್ಮ ಅಳತೆಯಲ್ಲಿ ನೂರಕ್ಕೆ 1ರಷ್ಟು ತಪ್ಪಿದೆ ಎಂದಿಟ್ಟುಕೊಳ್ಳಿ. 30 ವರ್ಷಕ್ಕೆ ಅದು ಸುಮಾರು 3, 60 ವರ್ಷಕ್ಕೆ 7, 90 ವರ್ಷಕ್ಕೆ 20, 120 ವರ್ಷಕ್ಕೆ 55. ಒಂದೂವರೆ ಶತಮಾನ ತಲುಪುವ ಮೊದಲೇ ನಮ್ಮ ಮುನ್ಸೂಚನೆಯೂ ಊಹೆಯೂ ಒಂದೇ ಬೆಲೆಯವಾಗುತ್ತವೆ. ಸರಿ, ಉಪಕರಣ ಸುಧಾರಿಸಿ ಹತ್ತು ಪಟ್ಟು ನಿಖರವಾಗಿ ಅಳೆದರೆ? ಅದೇ ಲೆಕ್ಕದಲ್ಲಿ ನಮಗೆ ಸಿಗುವ ಹೆಚ್ಚಿನ ಅವಧಿ ಸುಮಾರು 70 ವರ್ಷ. ಶ್ರಮ ಹತ್ತು ಪಟ್ಟು, ಫಲ ಒಬ್ಬ ಮನುಷ್ಯನ ಆಯುಷ್ಯದಷ್ಟು. ಧ್ರುವ ಪಲ್ಟಿಯಾಗುವುದು ಸಾವಿರಾರು ವರ್ಷಗಳಲ್ಲಿ ನಡೆಯುವ ಕೆಲಸ. ನಮಗೆ ಕಾಣುವುದು ನೂರು ಚಿಲ್ಲರೆ ವರ್ಷ. ಹೀಗಿರುವಾಗ "ಇಂಥ ಇಸವಿಯಲ್ಲಿ" ಎಂದು ಹೇಳುವವರು ಯಾವ ಅಳತೆಗೋಲಿನಿಂದ ಹೇಳುತ್ತಿದ್ದಾರೆ?

ಹತ್ತಿರದ ಮುನ್ಸೂಚನೆಯೂ ಕೈಕೊಡುವುದುಂಟು. ನಿಮ್ಮ ಮೊಬೈಲಿನ ದಿಕ್ಸೂಚಿ ನಿಜವಾದ ಉತ್ತರ ತೋರಿಸಲು ಜಾಗತಿಕ ಕಾಂತ ಮಾದರಿ ಎಂಬ ಲೆಕ್ಕವನ್ನು ಬಳಸುತ್ತದೆ. ಐದು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ತಯಾರಿಸುತ್ತಾರೆ. 2015ರಲ್ಲಿ ಬಂದ ಮಾದರಿ 2019ರ ಕೊನೆಯವರೆಗೆ ಬಾಳಬೇಕಿತ್ತು. ಆದರೆ ಉತ್ತರ ಕಾಂತಧ್ರುವ ಕೆನಡಾ ಕಡೆಯಿಂದ ಸೈಬೀರಿಯಾ ಕಡೆಗೆ ವರ್ಷಕ್ಕೆ 50 ಕಿಲೋಮೀಟರಿಗಿಂತ ವೇಗವಾಗಿ ಓಡತೊಡಗಿ, ಆರ್ಕ್‌ಟಿಕ್ ಪ್ರದೇಶದಲ್ಲಿ ಲೆಕ್ಕ ಮಿತಿ ಮೀರಿ ತಪ್ಪಿತು. 2019ರ ಫೆಬ್ರವರಿಯಲ್ಲಿ ಅವಧಿಗೆ ಮುಂಚೆಯೇ ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು. ಆಮೇಲೆ ಧ್ರುವದ ಓಟ ನಿಧಾನವಾಗಿದೆ.

ನಮ್ಮ ಭಾಗಕ್ಕೆ ಇದರಿಂದ ಏನೂ ಧಕ್ಕೆಯಿಲ್ಲ. ಬೆಳಗಾವಿ ಸುತ್ತಮುತ್ತ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯೊಳಗೇ. ಮೊಬೈಲ್ ಹಿಡಿದು ಮನೆಯೊಳಗೆ ವಾಸ್ತು ನೋಡುವವರು ಭೂಮಿಯ ಕೋರ್‌ಗಿಂತ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ಹೆಚ್ಚು ಹೆದರಬೇಕು. ಅದು ಸೂಜಿಯನ್ನು ಇದಕ್ಕಿಂತ ಎಷ್ಟೋ ಹೆಚ್ಚು ತಿರುಗಿಸಬಲ್ಲದು.

"ಅವಧಿ ಮೀರಿದೆ" ಎಂಬ ಮಾತು

ವಿಡಿಯೋಗಳ ಇನ್ನೊಂದು ವಾದ ಹೀಗಿದೆ: ಕೊನೆಯ ಸಲ ಧ್ರುವ ತಿರುಗಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಸರಾಸರಿ ನೋಡಿದರೆ ಎರಡೂವರೆ ಲಕ್ಷ ವರ್ಷಕ್ಕೊಮ್ಮೆ ಆಗುತ್ತದೆ. ಆದ್ದರಿಂದ ಅವಧಿ ಮೀರಿದೆ.

ಅಂಕಿಗಳು ಸರಿಯಿವೆ, ತೀರ್ಮಾನ ತಪ್ಪು. "ಅವಧಿ ಮೀರಿದೆ" ಅನ್ನಲು ಮೊದಲು ಒಂದು ಅವಧಿ ಇರಬೇಕು. ಒಂಬತ್ತಕ್ಕೆ ಬರಬೇಕಾದ ಬಸ್ಸು ಒಂಬತ್ತೂವರೆಯಾದರೂ ಚಿಕ್ಕೋಡಿ ಬಸ್ಟ್ಯಾಂಡಿಗೆ ಬಂದಿಲ್ಲವಾದರೆ ತಡವಾಗಿದೆ ಅನ್ನಬಹುದು, ಯಾಕಂದರೆ ವೇಳಾಪಟ್ಟಿಯಿದೆ. ಭೂಮಿಯ ಕಾಂತಧ್ರುವಗಳಿಗೆ ವೇಳಾಪಟ್ಟಿಯಿಲ್ಲ. ಸುಮಾರು 12 ಕೋಟಿ ವರ್ಷದ ಹಿಂದಿನಿಂದ 8.3 ಕೋಟಿ ವರ್ಷದ ಹಿಂದಿನವರೆಗೆ, ಹೆಚ್ಚುಕಡಿಮೆ 4 ಕೋಟಿ ವರ್ಷ, ಕ್ಷೇತ್ರ ಒಂದೇ ದಿಕ್ಕಿಗೆ ನಿಂತಿತ್ತು. ಇನ್ನು ಕೆಲವು ಕಾಲದಲ್ಲಿ ಲಕ್ಷ ವರ್ಷವೂ ನಿಲ್ಲದೆ ತಿರುಗಿದೆ. ಕೆಲವೊಮ್ಮೆ ತಿರುಗಲು ಹೊರಟು ಅರ್ಧ ದಾರಿಯಿಂದ ವಾಪಸು ಬಂದಿದೆ. ಸುಮಾರು 41 ಸಾವಿರ ವರ್ಷದ ಹಿಂದೆ ಹಾಗೇ ಆಯಿತು, ಅದಕ್ಕೆ ಲಾಶಾಂಪ್ ಘಟನೆ ಎಂದು ಹೆಸರು. ನಾಣ್ಯ ಹತ್ತು ಸಲ ರಾಜ ಬಿದ್ದರೂ ಹನ್ನೊಂದನೇ ಸಲ ರಾಣಿ ಬೀಳಲೇಬೇಕು ಎಂಬ ಕರಾರಿಲ್ಲವಲ್ಲ, ಇದೂ ಸರಿಸುಮಾರು ಹಾಗೆ.

ಕ್ಷೇತ್ರ ಬಲ ಕಳೆದುಕೊಳ್ಳುತ್ತಿರುವುದು ನಿಜ. 1830ರ ದಶಕದಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಅದನ್ನು ಅಳೆಯುವ ವಿಧಾನ ರೂಪಿಸಿದ ಮೇಲೆ ಈವರೆಗೆ ಭೂಮಿಯ ಮುಖ್ಯ ಕಾಂತಬಲ ನೂರಕ್ಕೆ ಸುಮಾರು 9ರಷ್ಟು ಇಳಿದಿದೆ. ದಕ್ಷಿಣ ಅಟ್ಲಾಂಟಿಕ್ ಮೇಲೆ ದುರ್ಬಲವಾದ ದೊಡ್ಡ ಮಚ್ಚೆಯೊಂದಿದೆ, ಅಲ್ಲಿ ಹಾದುಹೋಗುವ ಉಪಗ್ರಹಗಳು ತೊಂದರೆ ಅನುಭವಿಸುತ್ತವೆ. ಆದರೆ ಹಳೆಯ ಇಟ್ಟಂಗಿ, ಮಡಕೆ ಚೂರುಗಳು ಹೇಳುವ ಲೆಕ್ಕದಲ್ಲಿ ಎರಡು ಸಾವಿರ ವರ್ಷದ ಹಿಂದೆ ಕ್ಷೇತ್ರ ಇವತ್ತಿಗಿಂತ ಬಲವಾಗಿಯೇ ಇತ್ತು. ಎತ್ತರದಿಂದ ಇಳಿಯುತ್ತಿರುವುದನ್ನು ಪಾತಾಳಕ್ಕೆ ಬೀಳುತ್ತಿದೆ ಎಂದು ಹೇಳಲು ಬರುವುದಿಲ್ಲ.

ಇನ್ನು ಜೀವನಾಶದ ಮಾತು. ಇದಕ್ಕೂ ನಮ್ಮ ಕಲ್ಲೇ ಸಾಕ್ಷಿ ನುಡಿಯುತ್ತದೆ. ಡೈನೋಸಾರ್‌ಗಳು ಅಳಿದದ್ದು ಡೆಕ್ಕನ್ ಲಾವಾ ಹರಿಯುತ್ತಿದ್ದ ಕಾಲದಲ್ಲೇ. ಮೆಕ್ಸಿಕೋದ ಹತ್ತಿರ ದೊಡ್ಡ ಕ್ಷುದ್ರಗ್ರಹ ಬಡಿದದ್ದೂ ಆಗಲೇ. ಅವುಗಳ ಸಾವಿಗೆ ಲಾವಾ ಎಷ್ಟು ಕಾರಣ, ಆ ಹೊಡೆತ ಎಷ್ಟು ಕಾರಣ ಎಂಬ ವಾದ ಹಳೆಯದು. ಆದರೆ ಧ್ರುವ ಪಲ್ಟಿಯ ಮೇಲೆ ಆರೋಪ ಹೊರಿಸಲು ಜಾಗವಿಲ್ಲ. ಕಾಂತಧ್ರುವ ಉಲ್ಟಾ ಇದ್ದ ಅವಧಿಯೊಂದರ ನಡುಮಧ್ಯದಲ್ಲಿ ಆ ಅಳಿವು ನಡೆದಿದೆ. ಅದಕ್ಕೆ ಹಿಂದಿನ ಪಲ್ಟಿಯೂ ಮುಂದಿನ ಪಲ್ಟಿಯೂ ಸುಮಾರು ಮೂರು ಮೂರು ಲಕ್ಷ ವರ್ಷ ದೂರ. ನಮ್ಮ ಪೂರ್ವಜ ಜೀವಿಗಳು ನೂರಾರು ಪಲ್ಟಿಗಳನ್ನು ದಾಟಿ ಬಂದಿವೆ.

ಮುಂದೊಂದು ದಿನ ಕ್ಷೇತ್ರ ತೀರ ದುರ್ಬಲವಾದರೆ ಸೂರ್ಯನಿಂದ ಬರುವ ಕಣಗಳ ಏಟು ಉಪಗ್ರಹ, ವಿದ್ಯುತ್ ಜಾಲಗಳಿಗೆ ಹೆಚ್ಚು ತಟ್ಟುತ್ತದೆ, ಅದು ತಲೆಕೆಡಿಸಿಕೊಳ್ಳಬೇಕಾದ ವಿಷಯವೇ. ಆದರೆ ಅದಕ್ಕೆ ತಯಾರಾಗಲು ಹಲವು ತಲೆಮಾರುಗಳ ಸಮಯವಿರುತ್ತದೆ.

ಅಳೆಯುವವರ ತಾಳ್ಮೆ

ಮುನ್ಸೂಚನೆಯ ದೂರ ಅಳತೆಯ ನಿಖರತೆಯ ಮೇಲೆ ನಿಂತಿದೆ ಎಂದೆವು. ಹಾಗಾದರೆ ಅಳೆಯುತ್ತಿರುವವರು ಯಾರು? ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಕಾಂತಕ್ಷೇತ್ರದ ಅಳತೆ ನಡೆಯಿತು. 1859ರ ಸೆಪ್ಟೆಂಬರಿನ ಭಾರಿ ಸೌರ ಚಂಡಮಾರುತ ಅಲ್ಲಿನ ದಾಖಲೆಯಲ್ಲಿದೆ, ಇವತ್ತಿಗೂ ಜಗತ್ತಿನ ಸಂಶೋಧಕರು ಆ ಪುಟಗಳನ್ನು ತೆರೆದು ನೋಡುತ್ತಾರೆ. ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾದಾಗ ಅದರ ವಿದ್ಯುತ್ತು ಸೂಜಿಯನ್ನು ಕೆಡಿಸುತ್ತದೆ ಎಂದು ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ನಾನಾಭಾಯ್ ಮೂಸ್ ಅಲಿಬಾಗ್‌ನಲ್ಲಿ ಹೊಸ ಜಾಗ ಹುಡುಕಿದರು. 1904ರಿಂದ ಅಲ್ಲಿ ಅಳತೆ ಶುರುವಾಯಿತು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಲೆಕ್ಕ ತಾಳೆ ನೋಡಿ, ಆಮೇಲೆ 1906ರಲ್ಲಿ ಕೊಲಾಬಾದ್ದನ್ನು ನಿಲ್ಲಿಸಿದರು. ಆ ಕಟ್ಟಡಕ್ಕೆ ಸ್ಥಳೀಯ ಕರಿಕಲ್ಲು ಬಳಸುವಂತಿರಲಿಲ್ಲ, ಅದು ಸ್ವತಃ ಅಯಸ್ಕಾಂತ. ಹಾಗಾಗಿ ಗುಜರಾತಿನ ಪೋರ್‌ಬಂದರಿನ ಕಲ್ಲು ತರಿಸಿದರು. ಇವತ್ತಿಗೂ ಭಾರತೀಯ ಭೂಕಾಂತತ್ವ ಸಂಸ್ಥೆ ಅಲಿಬಾಗ್‌ನಲ್ಲಿ ಅಳೆಯುತ್ತಲೇ ಇದೆ.

ಸರ್ಕಾರ ಬದಲಾಯಿತು, ದೇಶ ಸ್ವತಂತ್ರವಾಯಿತು, ಅಳತೆ ನಿಲ್ಲಲಿಲ್ಲ. ಇಂಥ ನೂರೆಂಬತ್ತು ವರ್ಷದ ಸಾಲು ಜಗತ್ತಿನಲ್ಲಿ ಕೆಲವೇ ಕಡೆ ಇದೆ. ಉಪಗ್ರಹಗಳು ಈ ಕೆಲಸಕ್ಕೆ ಬಂದದ್ದು ತೀರ ಈಚೆಗೆ. ತಲೆಮಾರುಗಟ್ಟಲೆ ಬೇಸರವಿಲ್ಲದೆ ಅಂಕಿ ಬರೆದಿಟ್ಟ ಗುಮಾಸ್ತರಿಂದಲೇ ನಮಗೆ ಮುಂದಿನ ಕೆಲವು ದಶಕ ಕಾಣಿಸುತ್ತಿದೆ.

ನದಿಗೂ ಒಂದು ದೂರವಿದೆ

ಇಷ್ಟು ಓದಿದ ಮೇಲೆ ಕೃಷ್ಣಾ ತೀರದವರಿಗೆ ಇನ್ನೊಂದು ಪ್ರಶ್ನೆ ಏಳಬೇಕು. 2005, 2019, 2021ರ ಮಹಾಪೂರಗಳನ್ನು ಕಂಡವರು ನಾವು. ಮಳೆಗಾಲ ಬಂತೆಂದರೆ ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ಬರುತ್ತದೆ. ಮನೆ ಬಿಟ್ಟು ಎಮ್ಮೆ, ಆಡು, ಮಕ್ಕಳೊಂದಿಗೆ ಎತ್ತರದ ಜಾಗಕ್ಕೆ ಹೋದವರಿಗೆ ಆಮೇಲೆ ಕೇಳಿಸುವ ಮಾತು ಒಂದೇ: "ನಿಸರ್ಗ ಐತ್ರಿ, ಯಾರಿಗೂ ಮೊದ್ಲ ಹೇಳಾಕ ಬರೂದಿಲ್ಲ."

ಮಳೆಯೂ ಲೊರೆಂಜ್ ತೋರಿಸಿದ ಸ್ವಭಾವದ್ದೇ. ದಿನದಿನದ ಹವೆಯನ್ನು ಎರಡು ವಾರದಾಚೆಗೆ ಹೇಳುವುದು ಅಸಾಧ್ಯದ ಸಮೀಪ. ಆದರೆ ಸುರಿದ ಮೇಲೆ ನೀರು ಹರಿಯುವುದು ಬೇರೆ ವಿಷಯ. ಕೊಯ್ನಾ ಜಲಾಶಯದಿಂದ ಬಿಟ್ಟ ನೀರು, ನರಸೋಬಾವಾಡಿಯಲ್ಲಿ ಕೂಡುವ ಪಂಚಗಂಗೆಯ ನೀರು, ರಾಜಾಪುರ ಬ್ಯಾರೇಜ್ ದಾಟಿ ಬಂದು ನಮ್ಮ ಗಡಿ ಮುಟ್ಟಲು ಸಮಯ ಹಿಡಿಯುತ್ತದೆ. ದೂಧಗಂಗೆ, ವೇದಗಂಗೆಗೂ ಹಾಗೆಯೇ. ಆ ಸಮಯವೇ ಮುನ್ಸೂಚನೆ. ಅದನ್ನು ಲೆಕ್ಕ ಹಾಕಲು ಭೂಮಿಯ ಕೋರ್‌ವರೆಗೆ ಇಣುಕಬೇಕಿಲ್ಲ. ಎರಡು ರಾಜ್ಯಗಳು ಅಣೆಕಟ್ಟೆಯ ಅಂಕಿಗಳನ್ನು ಗಂಟೆಗಂಟೆಗೆ ಹಂಚಿಕೊಳ್ಳಬೇಕು, ಎಷ್ಟು ಕ್ಯೂಸೆಕ್ ಬಂದರೆ ಯಾವ ಊರಿನ ಯಾವ ಓಣಿಗೆ ನೀರು ನುಗ್ಗುತ್ತದೆ ಎಂಬ ನಕ್ಷೆ ಪಂಚಾಯಿತಿಯ ಗೋಡೆ ಮೇಲಿರಬೇಕು, ಮತ್ತು ಆ ಅಂಕಿ ಮರಾಠಿಯಲ್ಲೂ ಕನ್ನಡದಲ್ಲೂ ಜನರ ಮೊಬೈಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು.

ಕಾಂತಕ್ಷೇತ್ರದ ಪಾಠ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಕೇಆಸ್ ಎಂದರೆ ಏನೂ ಹೇಳಲಾಗದು ಎಂದಲ್ಲ. ಪ್ರತಿಯೊಂದಕ್ಕೂ ಒಂದು ದೂರವಿದೆ. ಕಾಂತಕ್ಷೇತ್ರಕ್ಕೆ ಕೆಲವು ದಶಕ, ಹವೆಗೆ ಕೆಲವು ದಿನ, ಹೊಳೆಗೆ ಕೆಲವು ಗಂಟೆಯಿಂದ ಒಂದೆರಡು ದಿನ. ಆ ದೂರದಾಚೆಗೆ ತಾರೀಖು ಹೇಳುವವನು ಮೋಸ ಮಾಡುತ್ತಿದ್ದಾನೆ. ಆ ದೂರದೊಳಗೂ "ಯಾರಿಗೂ ಗೊತ್ತಾಗಲ್ಲ" ಎನ್ನುವವನು ಹೊಣೆ ತಪ್ಪಿಸಿಕೊಳ್ಳುತ್ತಿದ್ದಾನೆ. ನಾವು ಮೊದಲನೆಯವನ ವಿಡಿಯೋವನ್ನು ಹತ್ತು ಗುಂಪಿಗೆ ಕಳಿಸುತ್ತೇವೆ, ಎರಡನೆಯವನನ್ನು ಪ್ರಶ್ನೆಯನ್ನೂ ಕೇಳದೆ ಬಿಟ್ಟುಬಿಡುತ್ತೇವೆ.

ಮುಂದಿನ ಸಲ ಯಾರಾದರೂ "ಖರೇನ ಏನ್ರಿ ಇದು?" ಅಂತ ಕೇಳಿದರೆ ಹೀಗೆ ಹೇಳಬಹುದು: ಧ್ರುವ ತಿರುಗೂದು ಖರೆ, ತಾರೀಖು ಸುಳ್ಳ. ಸಾಕ್ಷಿ ಬೇಕಿದ್ರ ನಮ್ಮ ಬಾವ್ಯಾಗಿನ ಕಲ್ಲು ಐತಿ. ಆಮೇಲೆ ಅದೇ ಮೊಬೈಲಿನಲ್ಲಿ ರಾಜಾಪುರ ಬ್ಯಾರೇಜಿನಿಂದ ಇವತ್ತು ಎಷ್ಟು ನೀರು ಬಿಟ್ಟಿದ್ದಾರೆ ಎಂದು ನೋಡಿ ಹೇಳಿ. ಆಷಾಢ ಶ್ರಾವಣದಲ್ಲಿ ಹೊಳೆದಂಡೆಯವರಿಗೆ ಬೇಕಾದ ಭವಿಷ್ಯ ಅದು.